ಬೆಟ್ಟದ ಬುಡದ ಆಣೆ

ತಿರುಪತಿಗೆ ಮುಡಿ ಕೊಟ್ಟೆ ಎಂದು ಸುಳ್ಳು ಹೇಳಿದರೆ ಮುಂದೊಂದು ದಿನ ಮರುಭೂಮಿಯಲ್ಲಿ ಬೆಟ್ಟ ಹತ್ತಬೇಕಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಇನ್ನೂ ಸ್ವಲ್ಪ ಗಟ್ಟಿ ಸುಳ್ಳನ್ನು ಆರಿಸಿಕೊಳ್ಳುತ್ತಿದ್ದೆ. ಹಾಗೆ ನೋಡಿದರೆ ಆ ಸುಳ್ಳು ನನ್ನದಲ್ಲ, ನನ್ನ ಗಂಡನದು. ನನಗೆ ಎಡಗಡೆ ಸ್ತನದಲ್ಲಿ ಕ್ಯಾನ್ಸರ್ ಆಗಿ, ಬೆಂಗಳೂರಿಗೆ ಹೋಗಿ ಅದನ್ನು ಪೂರ್ತಿ ತೆಗೆಸಿಕೊಂಡು, ಕೀಮೋ ಮುಗಿಸಿ, ಬೋಳು ತಲೆಯ ಮೇಲೆ ಒಂದಿಷ್ಟು ಕೂದಲು ಚಿಗುರಿದ ಮೇಲೆ ನೈರೋಬಿಗೆ ವಾಪಸ್ಸು ಬಂದೆ. ವಿಮಾನ ನಿಲ್ದಾಣದಿಂದ ಹೈರಿಡ್ಜ್‌ನ ನಮ್ಮ ಫ್ಲ್ಯಾಟಿಗೆ ಬರುವ ದಾರಿಯಲ್ಲಿ, ಅಡ್ಡ ಬಂದ ಮಟಾಟು ವ್ಯಾನಿನವನಿಗೆ ಹಾರ್ನ್ ಹೊಡೆಯುತ್ತಾ ಗಂಡ ಹೇಳಿದ: "ಯಾರಾದ್ರೂ ಕೂದಲು ಏನಾಯ್ತು ಅಂದ್ರೆ ತಿಮ್ಮಪ್ಪನಿಗೆ ಮುಡಿ ಕೊಟ್ಟೆ ಅನ್ನು. ಮುಗೀತು." ಏನೋ ಬ್ಯಾಂಕಿನ ಫೈಲು ಮುಚ್ಚಿದ ಹಾಗೆ ಹೇಳಿದ.

ಮೊದಲೆಲ್ಲ ಗಂಡನನ್ನು ಬಹುವಚನದಲ್ಲೇ ಹೇಳುತ್ತಿದ್ದೆ. ಆ ಬೆಟ್ಟದಿಂದ ಇಳಿದ ಮೇಲೆ ಅದು ಬಾಯಿಗೆ ಬರುವುದಿಲ್ಲ, ಏನು ಮಾಡಲಿ.

ಸುಳ್ಳಿಗೆ ಕಾರಣ ನಮ್ಮ ಒಬ್ಬಳೇ ಮಗಳು. ಅವಳು ನೈರೋಬಿಯಲ್ಲೇ ಬೆಳೆದವಳು, ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ತಿರುಗಿ ಬೈಯುವವಳು. ಅವಳೇ ಒಬ್ಬ ಹುಡುಗನನ್ನು ಮೆಚ್ಚಿಕೊಂಡಿದ್ದಳು. ಇಲ್ಲೇ ಲ್ಯಾವಿಂಗ್ಟನ್‌ನಲ್ಲಿ ದೊಡ್ಡ ಕಾಂಪೌಂಡಿನ ಮನೆ, ಮೈಸೂರಿನ ಕಡೆಯವರು, ನಮ್ಮವರೇ. ಹುಡುಗ ಒಳ್ಳೆಯವನು, ನಗುಮುಖದವನು, ಆದರೆ ಅಮ್ಮ ಕೆಮ್ಮಿದರೆ ಎದ್ದು ನಿಲ್ಲುವವನು. ಮನೆಯಲ್ಲಿ ನಡೆಯುವುದೆಲ್ಲ ಆ ತಾಯಿಯದೇ. ಹುಡುಗನ ತಂದೆ ಟೆಲಿಕಾಂ ಕಂಪನಿಯ ಕೆಲಸದ ಮೇಲೆ ಸದಾ ಕಂಪಾಲಾ, ದಾರ್ ಎಸ್ ಸಲಾಮ್ ಎಂದು ಓಡಾಡಿಕೊಂಡಿರುತ್ತಾರೆ. ಆಕೆ ಒಪ್ಪಿದರೆ ಮದುವೆ, ಒಪ್ಪದಿದ್ದರೆ ಇಲ್ಲ. ನನ್ನ ಮಗಳಿಗೆ ಆ ಹುಡುಗನೇ ಬೇಕು. ಇಷ್ಟೇ ವಿಷಯ.

ನಮ್ಮವರಲ್ಲಿ ಹೆಣ್ಣಿನ ಮನೆಯಲ್ಲಿ ದೊಡ್ಡ ಕಾಯಿಲೆ ಬಂದರೆ ಅದನ್ನು ಕೊರಳಿಗೆ ತಾಳಿ ಬೀಳುವವರೆಗೆ ಮುಚ್ಚಿಡುತ್ತಾರೆ. ಹುಚ್ಚು, ಮೂರ್ಛೆ, ತೊನ್ನು, ಈಗ ಕ್ಯಾನ್ಸರ್. ಕಾಯಿಲೆ ಬಂದವರಿಗಿಂತ ಮುಚ್ಚಿಡುವವರಿಗೇ ಹೆಚ್ಚು ದಣಿವು. ನಾನು ಇಲ್ಲಿ ಕಾಯಿಲೆಯವಳೂ ಆಗಿದ್ದೆ, ಮುಚ್ಚಿಡುವವಳೂ ಆಗಿದ್ದೆ.

ಹುಡುಗನ ತಾಯಿಯ ಮುಂದೆ ಆ ಸುಳ್ಳನ್ನು ಹೇಳಿದ್ದು ಅವರ ಮನೆಯ ಗೌರಿ ಹಬ್ಬದ ದಿನ. ಬಿದಿರಿನ ಮೊರ ಸಿಗದೆ ಇಲ್ಲಿ ಪ್ಲಾಸ್ಟಿಕ್ ಮೊರದಲ್ಲೇ ಬಾಗಿನ ಕೊಡುತ್ತೇವೆ. ಆಕೆ ನನಗೆ ಕುಂಕುಮ ಇಟ್ಟು, ಹಾಗೇ ಕೈಯನ್ನು ಮೇಲೆ ತಂದು ನನ್ನ ತಲೆಯನ್ನು ಸವರಿದಳು. ಹಸುವಿನ ಬೆನ್ನು ಸವರಿ ನೋಡುವವರ ಹಾಗೆ.

"ಪೂರ್ತಿ ಕೊಟ್ರಾ?"

"ಹೂಂ, ಹರಕೆ ಇತ್ತು."

"ನಮ್ಮಲ್ಲಿ ಮುತ್ತೈದೆಯರು ಪೂರ್ತಿ ಮುಡಿ ಕೊಡೋದಿಲ್ಲಪ್ಪ. ಮೂರು ಕತ್ತರಿ ಕೂದಲು ಕೊಡ್ತಾರೆ, ಅಷ್ಟೆ. ನಿಮ್ಮ ಮನೇಲಿ ಹಂಗೇನೂ ಇಲ್ವಾ?"

ಕೋಣೆಯಲ್ಲಿದ್ದ ಹೆಂಗಸರೆಲ್ಲ ನನ್ನ ತಲೆಯನ್ನೇ ನೋಡಿದರು. ಅಯ್ಯೋ ನನ್ನ ಕರ್ಮ! ಐವತ್ತು ವರ್ಷ ನಮ್ಮವರ ಮಧ್ಯೆಯೇ ಬೆಳೆದ ಗಂಡಸು, ಗಂಡ ಬದುಕಿರುವ ಹೆಂಗಸು ತಲೆ ಬೋಳಿಸಿಕೊಳ್ಳುವುದಿಲ್ಲ ಎಂಬ ಒಂದು ಮಾತು ಅವನಿಗೆ ಹೊಳೆಯಲಿಲ್ಲ. ನನಗಾದರೂ ಹೊಳೆಯಬಾರದಿತ್ತೇ? "ಹರಕೆ ಹೊತ್ತಿದ್ದು ನಮ್ಮತ್ತೆ, ಅವರು ಹೇಳಿದ್ದು ಪೂರ್ತಿ ಅಂತ" ಎಂದು ತೇಪೆ ಹಾಕಿದೆ. "ಸರಿ ಬಿಡಿ, ಒಬ್ಬೊಬ್ಬರದು ಒಂದೊಂದು ಪದ್ಧತಿ" ಎಂದು ಆಕೆ ನಕ್ಕಳು. ಆಮೇಲೆ ಪ್ರಸಾದದ ಲಾಡು ತಂದಿಲ್ಲವೇ ಎಂದು ಕೇಳಿದಳು. ಅದಕ್ಕೂ ಒಂದು ಸುಳ್ಳು ಹೇಳಿದೆ.

ಅಲ್ಲಿಂದ ಒಂದೆರಡು ತಿಂಗಳಿಗೆ ಆಕೆ ಫೋನು ಮಾಡಿ, ರಜೆ ಬರುತ್ತಿದೆ, ಎರಡೂ ಮನೆಯವರು ಸೇರಿ ಉತ್ತರದ ಸಂಬುರು ಕಡೆ ಹೋಗಿ ಒಂದು ಬೆಟ್ಟ ಹತ್ತೋಣ ಎಂದಳು. ಆಕೆಗೆ ಬೆಟ್ಟದ ಹುಚ್ಚು. ನೈರೋಬಿಯ ಸುತ್ತಮುತ್ತ ಇರುವುದನ್ನೆಲ್ಲ ಹತ್ತಿ ಮುಗಿಸಿದ್ದಳು. "ಮಕ್ಕಳಿಗೂ ಜೊತೆ ಸಿಗತ್ತೆ, ನಾವೂ ಒಬ್ಬರನ್ನೊಬ್ಬರು ಅರ್ಥ ಮಾಡ್ಕೋಬಹುದು. ಹಿರಿಯರ ಮಾತು ಅಲ್ಲೇ ಮುಗಿಸಿಬಿಡೋಣ" ಎಂದಳು. ಮಾತು ಮುಗಿಸುವುದು ಎಂದರೆ ಮದುವೆ ನಿಶ್ಚಯ. ಫೋನು ಸ್ಪೀಕರಿನಲ್ಲಿತ್ತು. ನನ್ನ ಗಂಡ ನನಗಿಂತ ಮೊದಲೇ "ಖಂಡಿತಾ, ಖಂಡಿತಾ" ಎಂದುಬಿಟ್ಟ.

"ನನ್ನ ಕೈಲಾಗಲ್ಲ ರೀ" ಎಂದೆ, ಫೋನಿಟ್ಟ ಮೇಲೆ.

"ಹೋಗದಿದ್ರೆ ಅನುಮಾನ ಬರತ್ತೆ. ಆ ಯಮ್ಮನ ಕಣ್ಣು ನೋಡಿದೀಯ ತಾನೆ? ಒಂದು ದಿನ. ಹಲ್ಲು ಕಚ್ಕೊಂಡು ಹತ್ತಿಬಿಡು."

ಮಗಳು ಮಾತ್ರ "ಅಮ್ಮಾ, ಯು ಡೋಂಟ್ ಹ್ಯಾವ್ ಟು" ಎಂದಳು. ಆದರೆ ಹೇಳುವಾಗ ಅವಳ ಮುಖ ನೋಡಬೇಕಿತ್ತು. ನೀನು ಬಂದರೆ ಎಷ್ಟು ಚೆನ್ನ ಎಂದು ಆ ಮುಖವೇ ಬೇಡಿಕೊಳ್ಳುತ್ತಿತ್ತು. ನಾನು ಹೊರಟೆ. ಅವಳ ಮದುವೆಗಾಗಿ ನಾನು ಯಾವ ಹಾಳು ಬೆಟ್ಟವನ್ನಾದರೂ ಹತ್ತುತ್ತಿದ್ದೆ.

ನೈರೋಬಿಯ ಕರೂರಾ ಕಾಡಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ನಡೆದು ಅಭ್ಯಾಸ ಮಾಡಿಕೊಂಡೆ. ಕಾಲಿಗೆ ಅಭ್ಯಾಸವಾಯಿತು. ತೊಂದರೆ ಇದ್ದದ್ದು ಎದೆ ಮತ್ತು ಕೈಯದು. ತೆಗೆದ ಜಾಗಕ್ಕೆ ಬ್ರಾ ಒಳಗೆ ಇಡಲು ಸಿಲಿಕೋನಿನದೊಂದು ಉಂಡೆ ಕೊಟ್ಟಿದ್ದರು, ಒಳ್ಳೆ ಭಾರ, ಬಿಸಿಲಿಗೆ ಅದು ಕಾದು ಮೈಗೆ ಅಂಟಿಕೊಳ್ಳುತ್ತದೆ, ಅಡಿಯಲ್ಲಿ ಬೆವರು ನಿಂತು ಹೊಲಿಗೆಯ ಗುರುತೆಲ್ಲ ಉರಿಯುತ್ತದೆ. ಕಂಕುಳ ಗಂಟುಗಳನ್ನು ತೆಗೆದದ್ದರಿಂದ ಎಡಗೈ ಸ್ವಲ್ಪ ಎಳೆದರೂ ಊದಿಕೊಳ್ಳುತ್ತದೆ. ಅದಕ್ಕೆ ಬಿಗಿಯಾದ ತೋಳಿನ ಪಟ್ಟಿಯೊಂದನ್ನು ಹಾಕಿಕೊಂಡು, ಮೇಲೆ ಉದ್ದ ತೋಳಿನ ಅಂಗಿ ತೊಟ್ಟೆ. ಬಿಸಿಲಿಗೆ ಕಪ್ಪಾಗುತ್ತೇನೆ ಎಂದು ಕಾರಣ ಕೊಟ್ಟೆ.

ಎರಡು ಗಾಡಿಗಳಲ್ಲಿ ಹೊರಟೆವು. ನಾನ್ಯುಕಿ ದಾಟುವವರೆಗೆ ಹಸಿರು, ತಂಪು. ಇಸಿಯೋಲೊ ದಾಟಿದ ಮೇಲೆ ಎಲ್ಲ ಒಣಗಿ ಹೋಯಿತು. ಕೆಂಪು ಮಣ್ಣು, ಮುಳ್ಳುಗಿಡ, ಎಲ್ಲೋ ಒಂದೆರಡು ಒಂಟೆ. ಆ ಬಯಲಿನ ಮಧ್ಯೆ ಒಂದೇ ಒಂದು ಬೋಳು ಕಲ್ಲಿನ ಬೆಟ್ಟ. ಸಂಬುರು ಜನ ಅದಕ್ಕೆ ಒಂದು ಹೆಸರು ಹೇಳುತ್ತಾರೆ, ಇವತ್ತಿಗೂ ನನ್ನ ನಾಲಿಗೆಗೆ ಹೊರಳುವುದಿಲ್ಲ. ಬುಡದ ಕ್ಯಾಂಪಿನಲ್ಲಿ ರಾತ್ರಿ ಕಳೆದು, ಬೆಳಕು ಹರಿಯುವ ಮುಂಚೆ ಹತ್ತಲು ಶುರು ಮಾಡಿದೆವು. ಇಬ್ಬರು ಗೈಡ್‌ಗಳು, ನಾವು ಐದು ಜನ: ನಾನು, ಗಂಡ, ಮಗಳು, ಹುಡುಗ, ಅವನ ತಾಯಿ. ಹುಡುಗನ ತಂದೆ ಎಂದಿನಂತೆ ಯಾವುದೋ ಊರಿನಲ್ಲಿದ್ದರು.

ಮೊದಲ ಭಾಗ ಚೆನ್ನಾಗಿಯೇ ಹತ್ತಿದೆ. ಸುಳ್ಳಾಡುವುದಿಲ್ಲ, ಒಂದು ಗಳಿಗೆ ಸಂತೋಷವೂ ಆಯಿತು. ಮಗಳು ಮುಂದೆ ಹುಡುಗನ ಜೊತೆ ನಗುತ್ತಾ ಹೋಗುತ್ತಿದ್ದಳು, ಆಗಾಗ ಹಿಂದೆ ತಿರುಗಿ ನನಗೆ ಹೆಬ್ಬೆರಳು ತೋರಿಸುತ್ತಿದ್ದಳು. ಆಮೇಲೆ ಸೂರ್ಯ ಬಂದ. ಕಲ್ಲು ಕಾಯತೊಡಗಿತು. ನೆರಳು ಅನ್ನುವುದೇ ಇಲ್ಲ. ಅಂಗಿಯ ಒಳಗೆ ಆ ಉಂಡೆ ಬೆವರಿನಲ್ಲಿ ಜಾರಿ ಪಕ್ಕಕ್ಕೆ ಹೋಗುವುದು, ನಾನು ಬೆನ್ನು ತಿರುಗಿಸಿ ನೀರು ಕುಡಿಯುವ ನೆಪದಲ್ಲಿ ಸರಿಮಾಡಿಕೊಳ್ಳುವುದು. ನಾನು ತಿರುಗಿದಾಗಲೆಲ್ಲ ಹುಡುಗನ ತಾಯಿ ನಿಲ್ಲುತ್ತಿದ್ದಳು. ಆಕೆಗೆ ಉಸಿರೂ ಏರಿರಲಿಲ್ಲ.

"ಯಾಕೆ, ಎಡಗೈ ನೋವಾ? ಊರಿಕೊಳ್ಳೋದೇ ಇಲ್ವಲ್ಲ ನೀವು ಅದನ್ನ?"

"ಇಲ್ಲಪ್ಪ, ಹಂಗೇನಿಲ್ಲ. ಮಲಗಿದ್ದು ಸರಿಯಾಗಿಲ್ಲ."

"ಓ" ಎಂದಳು. ಆಮೇಲೆ ಮಾತು ಬೇರೆ ಕಡೆಗೆ ತಿರುಗಿಸಿದಳು, ಛತ್ರ, ಅಡುಗೆಯವರು, ಮೈಸೂರಿನಲ್ಲಿ ಮಾಡೋಣವೋ ಇಲ್ಲೋ ಎಂದು. ನಾನು ಏದುಸಿರು ಬಿಡುತ್ತಾ ಹೂಂಗುಟ್ಟುತ್ತಿದ್ದೆ.

ಅರ್ಧದಾಚೆ ಒಂದು ದೊಡ್ಡ ಬಂಡೆ ದಾರಿಗೆ ಅಡ್ಡ ಬಂತು. ಕೈಯೂರಿ, ಮೇಲಿನವರ ಕೈ ಹಿಡಿದು ಹತ್ತಬೇಕು. ಮಗಳೂ ಹುಡುಗನೂ ಒಬ್ಬ ಗೈಡಿನ ಜೊತೆ ಆಗಲೇ ಮುಂದೆ ಹೋಗಿ ಕಣ್ಮರೆಯಾಗಿದ್ದರು. ನನ್ನ ಗಂಡ ಹತ್ತಿದ. ಹುಡುಗನ ತಾಯಿ ಹತ್ತಿದಳು, ಬಗ್ಗಿ ನನಗೆ ಕೈ ಚಾಚಿದಳು. ನಾನು ಬಲಗೈ ಕೊಟ್ಟೆ. "ಆ ಕೈ ಅಲ್ಲ, ಇದು ಕೊಡಿ, ಈ ಕಡೆ ಹಿಡಿತ ಚೆನ್ನಾಗಿದೆ" ಎಂದು ಎಡಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಎಳೆದಳು. ಜೋರಾಗಿ ಎಳೆದಳು. ಎದೆಯಿಂದ ಬೆರಳಿನ ತುದಿಯವರೆಗೆ ಯಾರೋ ಸೀಳಿದ ಹಾಗಾಯಿತು. ಅಮ್ಮಾ ಎಂದು ಕಿರುಚಿ ಅಲ್ಲೇ ಕೆಳಗೆ ಕುಸಿದೆ.

ನನ್ನ ಗಂಡ ಇಳಿದು ಬಂದ. ಹೇಗಿದ್ದೀಯ ಎಂದು ಕೇಳಲಿಲ್ಲ. ಕಿವಿಯ ಹತ್ತಿರ ಬಗ್ಗಿ, "ಏಳೇ, ಇನ್ನೊಂಚೂರು. ಇಷ್ಟು ದೂರ ಬಂದು ಹಾಳು ಮಾಡ್ಬೇಡ" ಎಂದ. ನಾನು ತಲೆ ಆಡಿಸಿದೆ. ಕೈ ಆಗಲೇ ಪಟ್ಟಿಯೊಳಗೆ ಬಿಗಿಯತೊಡಗಿತ್ತು. "ನನ್ನ ಕೈಲಿ ಆಗಲ್ಲ, ನಾನು ಇಳೀತೀನಿ" ಎಂದು ಗಟ್ಟಿಯಾಗಿಯೇ ಹೇಳಿದೆ. ಅವನು ಮೇಲೆ ನೋಡಿ ನಗುತ್ತಾ, "ಬೆಳಿಗ್ಗೆ ತಿಂಡಿ ಸರಿಯಾಗಿ ತಿಂದಿಲ್ಲ ಇವಳು. ಪಿತ್ತ, ಅಷ್ಟೆ" ಎಂದ. ನೋವಿಗಿಂತ ಆ ನಗು ನನ್ನನ್ನು ಹೆಚ್ಚು ಉರಿಸಿತು. ಥೂ!

ಅವನು ನನ್ನ ಜೊತೆ ಇಳಿಯಲಿಲ್ಲ. ಇಳಿದರೆ ದೊಡ್ಡದೇನೋ ಆಗಿದೆ ಎಂದು ಅವರು ತಿಳಿದುಕೊಳ್ಳುತ್ತಾರಂತೆ. ಪಿತ್ತ ಕೆರಳಿದ ಹೆಂಡತಿಯನ್ನು ಬಿಟ್ಟು ಗಂಡ ನಿಶ್ಚಿಂತೆಯಿಂದ ಬೆಟ್ಟ ಹತ್ತಿದರೆ ಎಲ್ಲ ಸಹಜವಾಗಿ ಕಾಣುತ್ತದೆ. ಅಷ್ಟು ಲೆಕ್ಕಾಚಾರ ಅವನಿಗೆ ಆ ಬಿಸಿಲಿನಲ್ಲೂ ಬಂತು. ಮಕ್ಕಳನ್ನು ಕೂಡಿಕೊಳ್ಳುತ್ತೇನೆ ಎಂದು ಒಬ್ಬನೇ ಮೇಲೆ ಹೋದ. ಹುಡುಗನ ತಾಯಿ ಬಂಡೆಯಿಂದ ಇಳಿದು, ಚಡ್ಡಿಯ ಧೂಳು ಕೊಡವಿಕೊಂಡು, "ನಾನು ಇವರ ಜೊತೆ ಹೋಗ್ತೀನಿ, ನನಗೆ ಬೆಟ್ಟ ಹೊಸದಲ್ಲ" ಎಂದಳು. ಉಳಿದಿದ್ದ ಗೈಡ್ ನನ್ನ ಬಲಗಡೆಗೆ ಬಂದು ರಟ್ಟೆ ಹಿಡಿದುಕೊಂಡ. "ಪೋಲೆ ಪೋಲೆ, ಮಾಮಾ" ಎನ್ನುತ್ತಾ, ಅಂದರೆ ನಿಧಾನ ತಾಯಿ ಎನ್ನುತ್ತಾ, ಹೆಜ್ಜೆ ಹೆಜ್ಜೆಗೂ ನಿಲ್ಲಿಸಿ ಇಳಿಸಿದ. ಆ ಬೆಟ್ಟದಲ್ಲಿ ನನ್ನನ್ನು ಮನುಷ್ಯಳ ಹಾಗೆ ಮುಟ್ಟಿದವನು ಅವನೊಬ್ಬನೇ.

ಕೆಳಗೆ ಕ್ಯಾಂಪಿನ ಪಕ್ಕ ಒಂದು ಮುಳ್ಳುಮರದ ಅಡಿಯಲ್ಲಿ ಮಡಚುವ ಕುರ್ಚಿ ಹಾಕಿ ನಮ್ಮನ್ನು ಕೂರಿಸಿ, ಗೈಡ್ ದೂರ ಹೋಗಿ ಫೋನು ಹಿಡಿದು ಕುಳಿತ. ಹುಡುಗನ ತಾಯಿ ನನಗೆ ನೀರು ಕೊಟ್ಟಳು. ಉಪ್ಪು ಸಕ್ಕರೆ ಬೆರೆಸಿ ತಾನೇ ಕಲಸಿ ಕೊಟ್ಟಳು. ನಾನು ಪೂರ್ತಿ ಕುಡಿಯುವವರೆಗೆ ಕಾದಳು.

"ಯಾವ ಕಡೆ ತೆಗೆದದ್ದು? ಎಡಗಡೇನೇ ಅಲ್ವಾ?"

ನಾನು ಅಂಗಿಯ ಎಡತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡೆ.

"ಹೆದರ್ಕೋಬೇಡಿ. ನನಗೆ ಯಾವತ್ತೋ ಗೊತ್ತು. ನಿಮ್ಮ ಹುಡುಗಿ ನನ್ನ ಮಗನಿಗೆ ಹೇಳಿದಾಳೆ. ಅವನು ನನಗೆ ಹೇಳ್ದ. ಅವನು ನನ್ನ ಹತ್ರ ಏನೂ ಮುಚ್ಚಿಡಲ್ಲ."

"ಮತ್ತೆ... ಗೌರಿ ಹಬ್ಬದಲ್ಲಿ?"

"ಆಗಲೂ ಗೊತ್ತಿತ್ತು."

"ಗೊತ್ತಿದ್ದೂ ಈ ಬೆಟ್ಟಕ್ಕೆ ಕರ್ಕೊಂಡು ಬಂದ್ರಾ?"

"ಎಷ್ಟು ದೂರ ಬರ್ತೀರಿ ಅಂತ ನೋಡಬೇಕಿತ್ತು" ಎಂದಳು, ಬಿಸಿಲು ಜಾಸ್ತಿ ಎನ್ನುವಷ್ಟೇ ಸಲೀಸಾಗಿ. "ನೀವು ಹತ್ತೋದು ಇಳಿಯೋದು ನನಗೆ ಮುಖ್ಯ ಅಲ್ಲ. ಸುಳ್ಳನ್ನ ಎಷ್ಟು ದೂರ ಎಳೀತೀರಿ ಅಂತ."

ಕುರ್ಚಿಯಿಂದ ಎದ್ದು ಆಕೆಯ ಕೆನ್ನೆಗೆ ಎರಡು ಬಾರಿಸಬೇಕು ಎನ್ನಿಸಿತು. ಬಲಗೈ ಚೆನ್ನಾಗಿಯೇ ಇತ್ತು. ಆದರೆ ನಾನು ಹೆಣ್ಣಿನ ತಾಯಿ. ನೀರಿನ ಬಾಟಲಿ ಹಿಡಿದುಕೊಂಡು ಕುಳಿತೆ.

ಆಕೆ ಮುಂದುವರಿಸಿದಳು. "ನಿಮ್ಮ ಕಾಯಿಲೆ ನಿಮ್ಮದು, ಪಾಪ, ಅದಕ್ಕೆ ನಾನೇನೂ ಅನ್ನಲ್ಲ. ನನಗೆ ನಾಳೆ ನನ್ನ ಸೊಸೆಗೆ ಬರತ್ತಾ ಇಲ್ವಾ ಅನ್ನೋದು ಬೇಕು. ನಿಮ್ಮ ತಾಯೀನೂ ಇದರಲ್ಲೇ ಹೋದರಂತಲ್ಲ. ಆ ಜೀನ್ ಟೆಸ್ಟು ನೀವು ಮಾಡಿಸಿದೀರಂತೆ, ಏನೂ ಇಲ್ಲ ಅಂತ ಬಂತಂತೆ. ಹುಡುಗಿ ಅದನ್ನೂ ಹೇಳಿದಾಳೆ. ಅವರಪ್ಪ ಹೇಳಿದ್ರಂತೆ."

ಈ ಮಾತು ನನಗೆ ಹೊಸದು. ಬೆಂಗಳೂರಿನಲ್ಲಿ ಡಾಕ್ಟರು ನನ್ನನ್ನು ಕೂರಿಸಿಕೊಂಡು, ನಿಮ್ಮ ತಾಯಿಗೂ ಇತ್ತು, ನಿಮಗೂ ಬಂದಿದೆ, ಮಗಳಿಗೋಸ್ಕರವಾದರೂ ಒಂದು ರಕ್ತ ಪರೀಕ್ಷೆ ಮಾಡಿಸಿ ಎಂದಿದ್ದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಗಂಡ, "ಈಗ ಬೇಡ. ಏನಾದ್ರೂ ಬಂದ್ರೆ ಹೇಳ್ಲೇಬೇಕಾಗತ್ತೆ. ಗೊತ್ತಿಲ್ಲದಿದ್ರೆ ಹೇಳೋದೂ ಬೇಕಾಗಿಲ್ಲ. ಮದುವೆ ಆಗ್ಲಿ" ಎಂದಿದ್ದ. ಕೀಮೋದಲ್ಲಿ ನಿಂತುಕೊಳ್ಳುವ ಶಕ್ತಿಯೂ ಇಲ್ಲದ ನಾನು ಆಗಲಿ ಎಂದಿದ್ದೆ. ಪರೀಕ್ಷೆ ಆಗಿಯೇ ಇರಲಿಲ್ಲ. ಆಗಿದೆ, ಏನೂ ಇಲ್ಲ ಎಂದು ಅವನು ನನ್ನ ಬೆನ್ನ ಹಿಂದೆ ಮಗಳಿಗೆ ಹೇಳಿಬಿಟ್ಟಿದ್ದ. ಆ ಹುಡುಗಿ ಅದನ್ನು ನಂಬಿಕೊಂಡು ನೆಮ್ಮದಿಯಾಗಿ ಓಡಾಡಿಕೊಂಡಿದ್ದಳು.

"ರಿಪೋರ್ಟ್ ತೋರಿಸಿ ಅನ್ನಲ್ಲ ನಾನು" ಎಂದಳು ಆಕೆ. "ಈಗಿನ ಕಾಲದಲ್ಲಿ ರಿಪೋರ್ಟ್ ಯಾರು ಬೇಕಾದ್ರೂ ಮಾಡಿಸ್ತಾರೆ. ತಿಮ್ಮಪ್ಪನ ಹೆಸರಲ್ಲೇ ಸುಳ್ಳು ಹೇಳಿದವರು ನೀವು. ಒಂದೇ ಒಂದು ಕೆಲಸ ಮಾಡಿ. ಅವರೆಲ್ಲ ಇಳಿದು ಬರ್ಲಿ. ಮಗಳ ತಲೆ ಮೇಲೆ ಕೈ ಇಟ್ಟು ಆಣೆ ಮಾಡಿ, ಟೆಸ್ಟ್ ಮಾಡಿಸಿದೀನಿ, ಏನೂ ಇಲ್ಲ ಅಂತ. ಅಷ್ಟು ಸಾಕು. ಆಮೇಲೆ ನಾನು ಒಂದು ಮಾತೂ ಕೇಳಲ್ಲ. ಈ ಜಾಗದಲ್ಲೇ ತಾಂಬೂಲ ಬದಲಾಯಿಸೋಣ, ವೀಳ್ಯದೆಲೆ ಅಡಿಕೆ ತಂದೇ ಇದೀನಿ."

ನಿಜವಾಗಿಯೂ ತಂದಿದ್ದಳು. ಅವಳ ಗಾಡಿಯ ತಂಪುಪೆಟ್ಟಿಗೆಯಲ್ಲಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ವೀಳ್ಯದೆಲೆಯನ್ನು ನಾನೇ ಆಮೇಲೆ ನೀರು ತೆಗೆಯುವಾಗ ನೋಡಿದೆ. ಎಂಥ ಹೆಂಗಸು! ಎರಡು ಡಿಗ್ರಿ ಇದೆ ಆಕೆಗೆ, ಒಂದು ಕಾಲದಲ್ಲಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದವಳಂತೆ. ಲ್ಯಾಬಿನ ಕಾಗದವನ್ನು ನಂಬುವುದಿಲ್ಲ, ಆಣೆಯನ್ನು ನಂಬುತ್ತಾಳೆ. ಆದರೆ ಅವಳ ಲೆಕ್ಕ ತಪ್ಪಿರಲಿಲ್ಲ. ಮಕ್ಕಳ ತಲೆಯ ಮೇಲೆ ಕೈಯಿಟ್ಟು ಸುಳ್ಳು ಹೇಳುವ ತಾಯಿ ನಮ್ಮಲ್ಲಿ ಸಿಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅವರು ಇಳಿದು ಬರುವ ಹೊತ್ತಿಗೆ ಬಿಸಿಲು ನೆತ್ತಿ ದಾಟಿತ್ತು. ಅಷ್ಟು ಹೊತ್ತೂ ನಾನು ಅದನ್ನೇ ಯೋಚಿಸಿದೆ. ದೇವರ ಮೇಲೆ ನನಗೆ ಹೇಳಿಕೊಳ್ಳುವಂಥ ಭಯವೇನೂ ಉಳಿದಿಲ್ಲ. ಅಷ್ಟು ಪೂಜೆ ಮಾಡಿದವಳಿಗೆ ಆತ ಏನು ಕೊಟ್ಟ ಎಂದು ನನಗೆ ಗೊತ್ತು. ಒಂದು ಮಾತು, ಒಂದು ಕ್ಷಣ ಕೈ, ಮಗಳಿಗೆ ಬೇಕಾದ ಹುಡುಗ ಸಿಗುತ್ತಾನೆ. ಮದುವೆಯಾದ ಮೇಲೆ ಗುಟ್ಟಾಗಿ ಪರೀಕ್ಷೆ ಮಾಡಿಸಿದರಾಯಿತು ಎಂದೂ ಅಂದುಕೊಂಡೆ. ಆಮೇಲೆ, ಯಾರು ಮಾಡಿಸುತ್ತಾರೆ ಎನ್ನಿಸಿತು. ಅಪ್ಪ ಹೇಳಿದ್ದನ್ನೇ ನಂಬಿದವಳು, ಅಮ್ಮ ತಲೆ ಮುಟ್ಟಿ ಹೇಳಿದ ಮೇಲೆ ಇನ್ನು ಈ ಜನ್ಮದಲ್ಲಿ ಯಾವ ಡಾಕ್ಟರ ಹತ್ತಿರ ಹೋಗುತ್ತಾಳೆ? ನನ್ನ ಗಡ್ಡೆ ಕೈಗೆ ಸಿಕ್ಕಾಗ ಆಗಲೇ ತಡವಾಗಿತ್ತು. ನನ್ನ ತಾಯಿಗಂತೂ ಡಾಕ್ಟರು ಕೊಯ್ದು ನೋಡಿ, ಏನೂ ಮಾಡಲಾಗದೆ, ಹೊಲಿದು ಮುಚ್ಚಿ ಮನೆಗೆ ಕಳಿಸಿದ್ದರು.

ಮಗಳು ಓಡುತ್ತಲೇ ಬಂದಳು. ಮುಖವೆಲ್ಲ ಕೆಂಪು, ಮೂಗಿನ ತುದಿಯಲ್ಲಿ ಧೂಳು. "ಅಮ್ಮಾ! ಆರ್ ಯು ಓಕೆ? ಅಪ್ಪ ಪಿತ್ತ ಅಂದ್ರು. ಮೇಲಿಂದ ಎಲ್ಲ ಕಾಣತ್ತೆ, ಇಟ್ಸ್ ಅನ್‌ರಿಯಲ್!" ಎಂದು ನನ್ನ ಕೊರಳಿಗೆ ಬಿದ್ದಳು. ಅಷ್ಟು ಸಂತೋಷವಾಗಿ ಅವಳನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆಮೇಲೂ ನೋಡಿಲ್ಲ.

ಹುಡುಗನ ತಾಯಿ ಸುತ್ತುಬಳಸು ಮಾಡಲಿಲ್ಲ. ಎಲ್ಲರೂ ನೀರು ಕುಡಿದು ಕುಳಿತ ಮೇಲೆ, ತನಗೆ ಎಲ್ಲ ಗೊತ್ತಿದೆ ಎಂದೂ ತನಗೆ ಬೇಕಾದದ್ದು ಒಂದು ಆಣೆ ಮಾತ್ರ ಎಂದೂ ನನಗೆ ಹೇಳಿದ ಹಾಗೆಯೇ ಹೇಳಿದಳು. ನನ್ನ ಗಂಡನ ಮುಖ ಬಿಳಿಚಿಕೊಂಡಿತು. ಹುಡುಗ, "ಮಮ್ಮೀ, ಪ್ಲೀಸ್, ಇದೆಲ್ಲ ಏನು" ಎಂದ. ಆಕೆ ಅವನ ಕಡೆ ನೋಡಿದಳು, ಅವನು ನೆಲ ನೋಡಿದ.

ಮಗಳಿಗೆ ಮೊದಲು ಗಾಬರಿಯಾಯಿತು. ಆಮೇಲೆ ಅವಳ ಮುಖ ಅರಳಿತು. "ಅಷ್ಟೇನಾ ಆಂಟಿ? ದಟ್ಸ್ ಆಲ್?" ಎಂದಳು. ಒಂದು ವರ್ಷ ಎಲ್ಲರೂ ಹೊತ್ತುಕೊಂಡಿದ್ದ ಹೊರೆ ಇಳಿದೇಹೋಯಿತು ಎನ್ನುವ ಹಾಗೆ ನಕ್ಕಳು. ಟೋಪಿ ತೆಗೆದು, ನನ್ನ ಕುರ್ಚಿಯ ಮುಂದೆ ಮಣ್ಣಿನಲ್ಲಿ ಮಂಡಿಯೂರಿ, ತಲೆ ಬಗ್ಗಿಸಿದಳು. "ಹೇಳಮ್ಮಾ. ಜಸ್ಟ್ ಟೆಲ್ ಹರ್. ಟೆಸ್ಟ್ ಆಗಿದೆ ಅಲ್ವಾ, ಹೇಳಿಬಿಡು."

ಬೈತಲೆಯಲ್ಲಿ ಕೆಂಪು ಧೂಳು ಸೇರಿ ಬೆವರಿಗೆ ಅಂಟಿಕೊಂಡಿತ್ತು. ಚಿಕ್ಕವಳಿದ್ದಾಗ ಎಣ್ಣೆ ಹಚ್ಚಿಸಿಕೊಳ್ಳಲು ಹೀಗೇ ಕೂರುತ್ತಿದ್ದಳು, ನನ್ನ ಎರಡು ಮೊಣಕಾಲಿನ ನಡುವೆ. ನನ್ನ ಗಂಡ ಹಿಂದಿನಿಂದ ಬಂದು ನನ್ನ ಭುಜ ಅದುಮಿದ. ನೋವಿದ್ದ ಕಡೆಯ ಭುಜವನ್ನೇ ಅದುಮಿದ. "ಇಡೇ ಕೈ. ಏನು ನೋಡ್ತಾ ಕೂತಿದೀಯಾ? ಮಗು ಕೇಳ್ತಿದೆ."

ನಾನು ಕೈ ಎತ್ತಿದೆ. ಎತ್ತಿದ್ದು ನಿಜ. ಅದು ಅವಳ ಕೂದಲಿನವರೆಗೆ ಹೋಯಿತು. ಅಲ್ಲಿಂದ ಮುಂದೆ ಹೋಗಲಿಲ್ಲ. ವಾಪಸ್ಸು ತಂದು ಮಡಿಲಲ್ಲಿ ಇಟ್ಟುಕೊಂಡೆ.

"ಮಾಡಿಸಿಲ್ಲ" ಎಂದೆ. "ಟೆಸ್ಟ್ ಮಾಡಿಸೇ ಇಲ್ಲ ಕಣೇ."

ಅವಳು ತಲೆ ಎತ್ತಲು ತುಂಬ ಹೊತ್ತು ತೆಗೆದುಕೊಂಡಳು. ಎತ್ತಿದಾಗ ಹುಡುಗನನ್ನು ನೋಡಲಿಲ್ಲ, ಅವನ ತಾಯಿಯನ್ನೂ ನೋಡಲಿಲ್ಲ. ಅಪ್ಪನನ್ನು ನೋಡಿದಳು. ಆಮೇಲೆ ನನ್ನನ್ನು. "ಸೋ ಯು ಡೋಂಟ್ ನೋ" ಎಂದಳು. "ನನಗೆ ಇದೆಯೋ ಇಲ್ವೋ ನಿಮಗೂ ಗೊತ್ತಿಲ್ಲ."

"ಗೊತ್ತಿಲ್ಲ ಮಗಳೇ."

"ಸರಿ, ಉತ್ತರ ಸಿಕ್ತು" ಎಂದು ಹುಡುಗನ ತಾಯಿ ಎದ್ದು ಕುರ್ಚಿ ಮಡಚಿದಳು. "ನೀವು ಸುಳ್ಳು ಆಣೆ ಮಾಡಲಿಲ್ಲ, ಅದಕ್ಕೆ ನಿಮ್ಮ ಮೇಲೆ ಗೌರವ ಇದೆ. ಆದ್ರೆ ಸಂಬಂಧ ಬೇಡ." ಗೌರವವಂತೆ! ಹುಡುಗ ನನ್ನ ಮಗಳ ಹತ್ತಿರ ಹೋಗಿ ಏನೋ ಹೇಳಲು ಬಾಯಿ ತೆರೆದ. ತಾಯಿ ಗಾಡಿಯಿಂದ ಒಂದು ಸಲ ಹಾರ್ನ್ ಒತ್ತಿದಳು. ಅವನು ಹೋದ. ಎಳೆಯ ಮಗುವಿನ ಹಾಗೆ ಮುಂದಿನ ಸೀಟಿನಲ್ಲಿ ಕುಳಿತು ಬೆಲ್ಟ್ ಹಾಕಿಕೊಂಡ. ಅವರ ಗಾಡಿ ಎಬ್ಬಿಸಿದ ಧೂಳು ಊಟಕ್ಕೆಂದು ತೆಗೆದಿಟ್ಟಿದ್ದ ನಮ್ಮ ತಟ್ಟೆಗಳ ಮೇಲೆಲ್ಲ ಕುಳಿತಿತು.

ವಾಪಸ್ಸು ಬರುವಾಗ ನನ್ನ ಗಂಡ ಇಸಿಯೋಲೊದಿಂದ ನಾನ್ಯುಕಿಯವರೆಗೆ ಬೈದ. ಮಗಳ ಬಾಳು ಹಾಳು ಮಾಡಿದೆ, ಒಂದು ಬೆಟ್ಟ ಹತ್ತಲಿಲ್ಲ, ಒಂದು ಕೈ ಇಡಲಿಲ್ಲ, ಎಂಥ ತಾಯಿ ನೀನು ಎಂದ. ನಾನೂ ಬಿಡಲಿಲ್ಲ, ಇಪ್ಪತ್ತೆಂಟು ವರ್ಷದ್ದೆಲ್ಲ ಹೊರಗೆ ಹಾಕಿದೆ. ಹಿಂದಿನ ಸೀಟಿನಲ್ಲಿ ಮಗಳು ಕಿಟಕಿಗೆ ತಲೆಯಿಟ್ಟುಕೊಂಡು ಕುಳಿತಿದ್ದಳು. ನೈರೋಬಿ ಹತ್ತಿರವಾಗಿ ಥಿಕಾ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತಾಗ ಅಂಗಿಯ ಮೇಲಿಂದ ತನ್ನ ಎದೆಯನ್ನು ಬೆರಳಿನಿಂದ ಒತ್ತಿ ನೋಡಿಕೊಳ್ಳುತ್ತಿದ್ದುದನ್ನು ನಾನು ಕನ್ನಡಿಯಲ್ಲಿ ಕಂಡೆ. ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ. ನಾನು ಗಂಡನಿಗೆ ಹೇಳುತ್ತಿದ್ದ ಮಾತು ಅಲ್ಲೇ ನಿಂತಿತು.

ನಾನು ನೈರೋಬಿಯಲ್ಲೇ ಆ ಪರೀಕ್ಷೆಗೆ ರಕ್ತ ಕೊಟ್ಟೆ. ನನಗೆ ಆ ಜೀನಿನ ದೋಷ ಇದೆ ಎಂದು ಬಂತು. ಮಗಳಿಗೆ ಫೋನಿನಲ್ಲಿ ಹೇಳಿದೆ, ಅಷ್ಟರಲ್ಲಿ ಅವಳು ಬೇರೆ ಫ್ಲ್ಯಾಟ್ ಮಾಡಿಕೊಂಡು ಹೋಗಿದ್ದಳು. "ಓಕೆ" ಎಂದಳು. ಅವಳೂ ಪರೀಕ್ಷೆಗೆ ಹೋದಳು, ನಾನು ಜೊತೆಗೆ ಬರುತ್ತೇನೆ ಎಂದರೆ ಬೇಡ ಎಂದಳು. ಅದಾಗಿ ಒಂದು ವರ್ಷವಾಗುತ್ತಾ ಬಂತು.

ಭಾನುವಾರ ಊಟಕ್ಕೆ ಬರುತ್ತಾಳೆ. ಹುಳಿ ಬಡಿಸಿಕೊಳ್ಳುತ್ತಾಳೆ, ಅಪ್ಪನ ಜೊತೆ ಆಫೀಸಿನ ಮಾತಾಡುತ್ತಾಳೆ, ನನ್ನ ಕೈ ಊದಿದೆಯಾ ಎಂದು ನೋಡುತ್ತಾಳೆ. ಏನು ಬಂತು ಎಂದು ಕೇಳಿದರೆ, "ಐ ಆ್ಯಮ್ ಫೈನ್, ಅಮ್ಮಾ" ಎನ್ನುತ್ತಾಳೆ. ನಗುತ್ತಲೇ ಹೇಳುತ್ತಾಳೆ. ನಾನು ಅವಳ ಮುಖವನ್ನು ಎಷ್ಟು ನೋಡಿದರೂ ಅದು ನಿಜವೋ ಸುಳ್ಳೋ ನನಗೆ ತಿಳಿಯುವುದಿಲ್ಲ.